ಮೂರು ಸಲ ಕೂಗದ ಹೆಸರು

ಬೆಳಗಿನ ಆರೂವರೆ. ಲಿಂಡ್‌ಹೌಜೆನ್ ಫುಟ್‌ಬಾಲ್ ಮೈದಾನದ ಹುಲ್ಲು ಇನ್ನೂ ಒದ್ದೆ. ನೆಲಮಾಳಿಗೆಯ ಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಆಗಲೇ ತಿರುಗುತ್ತಿವೆ. ಒಂದಕ್ಕೆ ಬೆನ್ನು ಕೊಟ್ಟು ಕೂತ ಟೋರ್ಬೆನ್ ಹೋಲ್ಟ್‌ಕೆಂಪರ್ ಎಡಗಾಲಿನ ಹರಡಿಗೆ ಬಿಳಿ ಪಟ್ಟಿ ಸುತ್ತುತ್ತಾರೆ. ಸರಿಯಾಗಿ ಎಂಟು ಸುತ್ತು. ಒಂಬತ್ತಾದರೆ ಬೂಟು ಹಿಡಿಯುವುದಿಲ್ಲ, ಏಳಾದರೆ ಕಾಲು ನಿಲ್ಲುವುದಿಲ್ಲ. ತಂಡದ ಉಳಿದವರು ಬರುವುದು ಒಂಬತ್ತು ಗಂಟೆಗೆ. ಮೂವತ್ತೈದರ ಮೈ ಬಿಸಿಯೇರಲು ಅಷ್ಟು ಹೊತ್ತು ಬೇಕು.

"ನಿನ್ನ ಅಂಗಿ ಎಷ್ಟು ಉಜ್ಜಿದ್ರೂ ಬಿಳುಪಾಗಲ್ವಲ್ಲೋ," ಎನ್ನುತ್ತಾರೆ ಇಪ್ಪತ್ತೆರಡು ವರ್ಷಗಳಿಂದ ತಂಡದ ಬಟ್ಟೆ ಒಗೆಯುವ ಗಿಜೆಲಾ. "ನಿಲ್ಸ್‌ದು ನೋಡು, ಮದುವೆಗೆ ಹೋಗಿ ಬಂದ ಹಾಗಿದೆ."

"ಅವನು ಬೀಳೋದೇ ಗೋಲು ಹೊಡೆದ ಮೇಲೆ, ಗಿಜೆಲಾ. ಅದೂ ನಾಲ್ಕು ಜನರ ತೋಳಿನ ಮೇಲೆ. ಮಣ್ಣು ಎಲ್ಲಿಂದ ಹತ್ತಬೇಕು?"

ಟೋರ್ಬೆನ್ ಮೂರನೇ ದರ್ಜೆಯ ಈ ತಂಡದ ರಕ್ಷಣಾ ಆಟಗಾರ. ಹದಿನಾಲ್ಕು ವರ್ಷ, ಮುನ್ನೂರ ಎಪ್ಪತ್ತೊಂದು ಪಂದ್ಯ. ಪ್ರತಿ ಪಂದ್ಯದಲ್ಲೂ ಹತ್ತು ಕಿಲೋಮೀಟರ್ ಓಟ, ತಲೆಗೆ ಮೂವತ್ತು ಸಲ ಚೆಂಡು. ಮೂಗು ಎರಡು ಸಲ ಮುರಿದಿದೆ. ಊರಿನ ಮೈದಾನದಲ್ಲಿ ಹೊಡೆದ ಗೋಲು: ಒಂದೂ ಇಲ್ಲ. ಐದು ವರ್ಷದ ಹಿಂದೆ ಬಂದ ನಿಲ್ಸ್ ರಾಬೆ ಇಲ್ಲಿ ಎಂಬತ್ತಮೂರು ಹೊಡೆದಿದ್ದಾರೆ. ಆದ ಗೋಲಿಗೆ ಲೆಕ್ಕವಿದೆ. ಆಗದಂತೆ ತಡೆದದ್ದು ಯಾವ ಪಟ್ಟಿಯಲ್ಲೂ ಉಳಿಯುವುದಿಲ್ಲ.

ಗೋಲು ಹೊಡೆದವನಿಗೆ ಇಲ್ಲಿ ಸಿಗುವ ಮರ್ಯಾದೆಯೇ ಬೇರೆ. ಧ್ವನಿವರ್ಧಕದಲ್ಲಿ ಘೋಷಕ "ನಿಲ್ಸ್!" ಎಂದು ಮೊದಲ ಹೆಸರು ಕೂಗುತ್ತಾನೆ. ಆರು ಸಾವಿರ ಗಂಟಲು "ರಾಬೆ!" ಎನ್ನುತ್ತದೆ. ಹೀಗೆ ಮೂರು ಸಲ.

"ಸುಳ್ಳು ಯಾಕೆ ಹೇಳ್ಲಿ, ಹೊಟ್ಟೆ ಉರಿಯುತ್ತೆ," ಎನ್ನುತ್ತಾರೆ ಟೋರ್ಬೆನ್. "ಹಿಂದಿನಿಂದ ಚೆಂಡು ಕಿತ್ತು ಕೊಡೋನು ನಾನು. ಬ್ರೆಡ್ ಅಂಗಡಿ ಹೆಂಗಸು ಮಾತ್ರ ನನ್ನ ಕೇಳ್ತಾಳೆ, 'ನಿಲ್ಸ್ ಚೆನ್ನಾಗಿದಾನಾ?' ಅಂತ."

ಆ ಉರಿ ಫೆಬ್ರುವರಿಯಲ್ಲಿ ಕಾಲಿಗಿಳಿಯಿತು. ಪಂದ್ಯ ಒಂದು-ಒಂದರಲ್ಲಿ ಸಮ, ಉಳಿದದ್ದು ಆರು ನಿಮಿಷ. ಕಾರ್ನರ್ ಕಿಕ್‌ಗೆಂದು ಟೋರ್ಬೆನ್ ಮುಂದೆ ಹೋಗಿದ್ದರು. ಎದುರಾಳಿ ಗೋಲ್‌ಕೀಪರ್ ಹೊರಗೋಡಿ ಬಂದು ಚೆಂಡನ್ನು ಗುದ್ದಿದ. ದೂರದಲ್ಲಿದ್ದ ನಿಲ್ಸ್ ಅದನ್ನು ಎಲ್ಲರ ತಲೆಯ ಮೇಲಿಂದ ಮತ್ತೆ ಗೋಲಿನತ್ತ ಎತ್ತಿ ಕಳಿಸಿದರು. ಕಾಯುವವರಿಲ್ಲದ ಗೋಲಿನತ್ತ ಚೆಂಡು ನಿಧಾನವಾಗಿ ಉರುಳುತ್ತಿತ್ತು. ಗೆರೆಯ ಬಳಿ ಇದ್ದವರು ಟೋರ್ಬೆನ್ ಒಬ್ಬರೇ. ಸುಮ್ಮನಿದ್ದರೆ ಅದು ತಾನಾಗಿ ಒಳಹೋಗುತ್ತಿತ್ತು. ಅವರು ಬೂಟಿನ ತುದಿ ತಾಗಿಸಿದರು.

"ಟೋರ್ಬೆನ್!" ಎಂದ ಘೋಷಕ. "ಹೋಲ್ಟ್‌ಕೆಂಪರ್!" ಎಂದಿತು ಮೈದಾನ. ಎರಡನೇ ಕೂಗು ಅರ್ಧಕ್ಕೇ ನಿಂತಿತು. ಅಂಚಿನ ರೆಫರಿ ಬಾವುಟ ಎತ್ತಿದ್ದ. ಎದುರಾಳಿಗಳೆಲ್ಲರನ್ನೂ ದಾಟಿ ನಿಂತವನು ಚೆಂಡು ಮುಟ್ಟಿದರೆ ಆಫ್‌ಸೈಡ್. ಹದಿನಾಲ್ಕು ವರ್ಷ ಬೇರೆಯವರನ್ನು ಇದೇ ಬಲೆಗೆ ಕೆಡವಿದ ಮನುಷ್ಯ! ಗೋಲು ರದ್ದಾಯಿತು, ಗೆಲುವು ಹೋಯಿತು, ಎರಡು ಅಂಕ ಕೈತಪ್ಪಿದವು.

"ನನ್ನ ಗೋಲು ಕಣೋ ಅದು," ಎಂದರಂತೆ ನಿಲ್ಸ್, ಬಟ್ಟೆ ಬದಲಿಸುವಾಗ. "ಹೊಟ್ಟೆಕಿಚ್ಚಿನ ನಾಯಿ." ಆಮೇಲೆ ಎಂಟು ವಾರ ಇಬ್ಬರಿಗೂ ಮಾತಿಲ್ಲ. ತರಬೇತುದಾರ ಟೋರ್ಬೆನ್‌ರನ್ನು ಆರು ಪಂದ್ಯ ಬೆಂಚಿನಲ್ಲಿ ಕೂರಿಸಿದರು.

ವಸಂತ ಬಂದಂತೆ ತಂಡ ಅಂಕಪಟ್ಟಿಯಲ್ಲಿ ಕೆಳಕ್ಕೆ ಜಾರಿತು. ನಾಲ್ಕನೇ ದರ್ಜೆಗೆ ಇಳಿದರೆ ಕ್ಲಬ್ ಬಟ್ಟೆಯನ್ನು ಹೊರಗೆ ಒಗೆಸುತ್ತದೆ, ಗಿಜೆಲಾರ ಕೆಲಸ ಹೋಗುತ್ತದೆ ಎಂಬುದು ಗೊತ್ತಿದ್ದ ಮಾತು. ಗಿಜೆಲಾ ಅದನ್ನು ಒಮ್ಮೆಯೂ ಎತ್ತಲಿಲ್ಲ. ಟೋರ್ಬೆನ್‌ಗೆ ಅದೇ ಹೆಚ್ಚು ಚುಚ್ಚಿತು.

ಕಳೆದ ಶನಿವಾರ, ಊರಿನ ಮೈದಾನದಲ್ಲಿ ಆಡುವ ಈ ಸಾಲಿನ ಪಂದ್ಯಗಳಲ್ಲಿ ಕೊನೆಯದು. ಮೂರನೇ ದರ್ಜೆಯಲ್ಲಿ ಉಳಿಯಲು ಒಂದು ಅಂಕ ಸಾಕು. ಸೊನ್ನೆ-ಸೊನ್ನೆ. ಎಂಬತ್ತೊಂಬತ್ತನೇ ನಿಮಿಷದಲ್ಲಿ ಈ ತಂಡದ ಗೋಲ್‌ಕೀಪರ್ ಕೂಡ ಮೋಸಹೋದ. ಚೆಂಡು ಹಾಗೆಯೇ, ಅಷ್ಟೇ ನಿಧಾನವಾಗಿ ಗೆರೆಯತ್ತ ಉರುಳಿತು. ಟೋರ್ಬೆನ್ ಗೋಲಿನ ಕಂಬಕ್ಕೆ ಪಕ್ಕೆ ಬಡಿಸಿಕೊಂಡು ಜಾರಿ, ಗೆರೆಯ ಮೇಲಿಂದ ಅದನ್ನು ಬೂಟಿನ ತುದಿಯಲ್ಲಿ ಹೊರಗಟ್ಟಿದರು. ಪಂದ್ಯ ಸಮವಾಯಿತು, ತಂಡ ಉಳಿಯಿತು. ಧ್ವನಿವರ್ಧಕ ಮಾತ್ರ ಸುಮ್ಮನಿತ್ತು. ತಡೆದವನ ಹೆಸರು ಕೂಗುವ ಪದ್ಧತಿ ಇಲ್ಲಿಲ್ಲ.

ಇನ್ನೊಂದು ಪಂದ್ಯ ಬಾಕಿ, ಅದು ಪರವೂರಿನಲ್ಲಿ. ಟೋರ್ಬೆನ್ ಪಟ್ಟಿಯ ತುದಿಯನ್ನು ಹಲ್ಲಿನಿಂದ ಹರಿದು ಎದ್ದು ನಿಲ್ಲುತ್ತಾರೆ. ಗಿಜೆಲಾ ಶನಿವಾರದ ಅಂಗಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಕಂಬದ ಬಿಳಿ ಬಣ್ಣದ ಗೀರು ಇನ್ನೂ ಇದೆ.

"ಬೇಜಾರಾಯ್ತೇನೋ? ಯಾರೂ ನಿನ್ನ ಹೆಸರು ಕೂಗ್ಲಿಲ್ಲ ಅಂತ?"

"ಇಲ್ಲ ಗಿಜೆಲಾ," ಎನ್ನುತ್ತಾರೆ ಟೋರ್ಬೆನ್. ಎರಡು ಸಲ ಮುರಿದ ಆ ಮೂಗಿನ ಕೆಳಗೆ ನಗು ಹರಡುತ್ತದೆ. "ಅವತ್ತು ನಿಲ್ಸ್‌ದೂ ಕೂಗ್ಲಿಲ್ಲವಲ್ಲ."