ಪುತ್ತಿಗೆಯ ಬಾವಿಗೆ ನಾವು ಮಾಡಿದ ಉಪಕಾರ

ಗೆಳೆಯರೇ, ಮೂಡುಬಿದಿರೆಯ ಸೈಬರ್ ಕೆಫೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಶಾಲೆಗಳಲ್ಲಿ ಮಳೆನೀರು ಇಂಗಿಸುವುದಕ್ಕೆ ಚಂದಾ ಎತ್ತುತ್ತ ಈ ರಜೆಯಿಡೀ ಊರೂರು ತಿರುಗುತ್ತಿರುವ ನಮ್ಮ ಕಾಲೇಜು ತಂಡ ಇವತ್ತು ಪುತ್ತಿಗೆಯ ಒಂದು ಜೈನರ ಮನೆಗೆ ಹೋಗಿತ್ತು. ಮನೆಯ ಪದ್ಮಕ್ಕ ನಮಗೆ ಕುಡಿಯಲು ನೀರು ಸೋಸಿ ತರುತ್ತೇನೆಂದು ಒಳಗೆ ಹೋದರು. ಅಷ್ಟರಲ್ಲಿ ನಮ್ಮ ನಿತಿನ್, ಚಂದಾ ಕೊಡುವವರಿಗೆ ಏನಾದರೂ ಸೇವೆ ಮಾಡಬೇಕೆಂದು, ಯಾರನ್ನೂ ಕೇಳದೆ ಅವರ ಬಾವಿಗೆ ಒಂದು ಪೊಟ್ಟಣ ಬ್ಲೀಚಿಂಗ್ ಪೌಡರ್ ಸುರಿದ.

ಪದ್ಮಕ್ಕ ನಮಗೆ ನೀರು ಕೊಟ್ಟು, ಸೋಸಿದ ಬಟ್ಟೆಯನ್ನು ತೊಳೆದ ನೀರನ್ನು ಚಿಕ್ಕ ತಂಬಿಗೆಯಲ್ಲಿ ಹಿಡಿದುಕೊಂಡು ಬಾವಿಯ ಹತ್ತಿರ ಬಂದರು. ಕಟ್ಟೆಯ ಮೇಲೆ ಚೆಲ್ಲಿದ್ದ ಬಿಳಿ ಪುಡಿ ನೋಡಿ ಅಲ್ಲೇ ನಿಂತರು.

“ಏನು ಹಾಕಿದ್ದು ಮಗ?”

“ಬ್ಲೀಚಿಂಗ್ ಪೌಡರ್ ಅಕ್ಕ. ಇನ್ನು ಒಂದು ಹುಳವೂ ಉಳಿಯುವುದಿಲ್ಲ. ಫ್ರೀ.”

ಪದ್ಮಕ್ಕ ತಂಬಿಗೆಯನ್ನು ಎದೆಗೆ ಒತ್ತಿಕೊಂಡರು. “ಬಟ್ಟೆಯಲ್ಲಿ ಸಿಕ್ಕಿದ ಜೀವ ಸಾಯಬಾರದು ಅಂತ ದಿನಾ ಇದೇ ಬಾವಿಗೆ ಪುನಃ ಬಿಡ್ತೇವೆ ಮಾರಾಯ. ನನ್ನ ಅತ್ತೆಯ ಕಾಲದಿಂದ ಉಂಟು ಇದು. ಈಗ ಇವುಗಳನ್ನು ಎಲ್ಲಿ ಬಿಡುವುದು?”

ನಿತಿನ್ ಖಾಲಿ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದ. ಬೈಯುತ್ತಾರೆಂದು ಕಾದೆವು. ಬೈಯಲಿಲ್ಲ. ತಂಬಿಗೆ ಹಿಡಿದು ನಿಂತೇ ಇದ್ದರು.

ನಮ್ಮೆಲ್ಲರ ಅಂಗಿಯ ಬೆನ್ನಿಗೆ ‘ಜೀವಜಲ ಉಳಿಸಿ’ ಎಂದು ಅಚ್ಚು ಹಾಕಿಸಿದ್ದೆವು. ಪದ್ಮಕ್ಕನಿಗೆ ಅದನ್ನು ತೋರಿಸುವ ಧೈರ್ಯವಿಲ್ಲದೆ, ಅಂಗಳ ದಾಟುವವರೆಗೂ ಹಿಮ್ಮುಖವಾಗಿ ನಡೆದೆವು.