ವಿಜಯಪುರಕ್ಕೆ ಒಬ್ಬ ಅಮೆರಿಕದ ಸಿಪಾಯಿಯ ಜೊತೆ

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಬೆಳಗ್ಗೆ ಏಳಕ್ಕೆ ಹೊರಡಬೇಕಿದ್ದ, ದೇವನಹಳ್ಳಿಯಾಚೆಯ ವಿಜಯಪುರದ ಬಸ್ಸು, ಪೆಟ್ರೋಲಿಲ್ಲದೆ ಬೆನ್ನಿಗೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿಕೊಂಡು, ಎಂಟೂವರೆಗೆ ಬೆಂಗಳೂರು ಬಿಟ್ಟಿತು. ನಾನು ರೇಷ್ಮೆ ಕಚೇರಿಯ ಗುಮಾಸ್ತ. ಜೊತೆಗಿದ್ದವನು ಜೇಮ್ಸ್, ಅಮೆರಿಕದ ಕಪ್ಪು ಜನಾಂಗದ ಸಿಪಾಯಿ. ದಂಡಿನಲ್ಲಿ ರೇಷ್ಮೆಯ ಪ್ಯಾರಾಚೂಟು ಮಡಚುವುದು ಅವನ ಕೆಲಸ. ಆ ರೇಷ್ಮೆ ಹುಟ್ಟುವ ಊರು ನೋಡಬೇಕೆಂದು ರಜೆ ಹಾಕಿ ಬಂದಿದ್ದ. ನಮ್ಮ ಸಾಹೇಬರು ನನ್ನನ್ನು ಅವನಿಗೆ ಗಂಟು ಹಾಕಿದರು. ನನ್ನ ಇಂಗ್ಲಿಷೋ, ಅರ್ಜಿ ಬರೆಯಲು ಸಾಕು, ಮಾತಿಗೆ ಸಾಲದು.

ಜೇಮ್ಸ್ ಬಸ್ಸು ಹತ್ತಿದವನೇ ನೇರವಾಗಿ ಹಿಂದಕ್ಕೆ ಹೋಗಿ, ಒಲೆಯ ಕಾವು ತಾಗುವ ಮೂಲೆಯಲ್ಲಿ ಕೂತ. ಬಸ್ಸಿನ ಏಜೆಂಟ್ ಗಾಬರಿಯಾದ. "ಅಯ್ಯೋ, ದೊರೆಗಳು ಅಲ್ಯಾಕ್ ಕೂತ್ರು? ಮುಂದೆ ಡ್ರೈವರ್ ಪಕ್ಕ ಬರಕ್ಕೇಳಿ ಸ್ವಾಮಿ!"

ಜೇಮ್ಸ್ ಎದ್ದು ಬಂದ. ಯಲಹಂಕ ದಾಟಿದ ಮೇಲೆ ಬಾಯಿಬಿಟ್ಟ. ಅವನ ಊರಿನಲ್ಲಿ ಮುಂದಿನ ಸೀಟು ಬಿಳಿಯರದು. ಕಪ್ಪು ಜನ ಹಿಂದೆಯೇ ಕೂರಬೇಕು. ರೂಢಿಬಲದಿಂದ ಕಾಲು ತಾನಾಗಿ ಹಿಂದಕ್ಕೆ ಹೋಯಿತಂತೆ. ಲೋಕಕ್ಕೇ ಸ್ವಾತಂತ್ರ್ಯದ ಮಾತು ಹೇಳುವ ದೇಶದಲ್ಲೂ ಹೀಗೆಯೇ ಎಂದು ನಾನು ಬೆರಗಾದೆ.

ದೇವನಹಳ್ಳಿಯಲ್ಲಿ ಒಲೆ ಕೆದಕಲು ಬಸ್ಸು ನಿಂತಾಗ ಇಬ್ಬರೂ ಒಂದು ಚಕ್ಕೋತ ಹಂಚಿಕೊಂಡು ತಿಂದೆವು. ವಿಜಯಪುರ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು, ಬೀದಿಯೆಲ್ಲ ಬೆಂದ ರೇಷ್ಮೆಗೂಡಿನ ವಾಸನೆ.

ನಮಗೆ ನೂಲು ತೆಗೆಯುವ ಕೊಟ್ಟಿಗೆ ತೋರಿಸಿದವನು ಮುನಿಯಪ್ಪ. ಊರಾಚೆಯ ಕೇರಿಯವನು, ಗೂಡು ತುಂಬಿದ ಬಿದಿರಿನ ಮಂಕರಿ ಹೊರುವವನು. "ಗೂಡು ಬಂದ ಮೇಲೆ ತಡ ಮಾಡಂಗಿಲ್ಲ ಸ್ವಾಮಿ. ಬೇಯಿಸ್ದೆ ಬಿಟ್ರೆ ಒಳಗಿನ ಹುಳ ಚಿಟ್ಟೆ ಆಗಿ, ಗೂಡು ತೂತು ಮಾಡ್ಕೊಂಡು ಹಾರೋಗ್ತದೆ. ಆಮೇಲೆ ನೂಲೂ ಇಲ್ಲ, ಏನೂ ಇಲ್ಲ," ಎಂದ.

ಆಮೇಲೆ ಶ್ರೀಕಂಠಯ್ಯನವರ ಹೋಟೆಲಿಗೆ ಹೋದೆವು. ಗೂಡು ಕೊಂಡು ನೂಲು ತೆಗೆಸುವ ಧಣಿಗಳೆಲ್ಲ ಕೂರುವ ಜಾಗ. ಶ್ರೀಕಂಠಯ್ಯನವರು ಜೇಮ್ಸ್‌ಗೆ ಕುರ್ಚಿ ಒರೆಸಿ ಕೊಟ್ಟರು. ಮುನಿಯಪ್ಪ ಹೊರಗೋಡೆಯ ಗೂಡಿನಲ್ಲಿ ಕೇರಿಯವರಿಗೆಂದೇ ಇಟ್ಟಿದ್ದ ಲೋಟ ತಾನೇ ತೆಗೆದು, ತಾನೇ ತೊಳೆದು ಹಿಡಿದ. ಕಾಫಿ ಮೇಲಿನಿಂದ ಸುರಿಯಿತು. ಜೇಮ್ಸ್ ಯಾಕೆಂದು ಕೇಳಿದ. ಹೇಳುವಾಗ ನನ್ನ ನಾಲಗೆ ತೊದಲಿತು. ಆ ಸಲ ತಪ್ಪು ಇಂಗ್ಲಿಷಿನದಾಗಿರಲಿಲ್ಲ.

ಜೇಮ್ಸ್ ತನ್ನ ಲೋಟ ಹಿಡಿದು ಹೊರಗೆ ಜಗುಲಿಯ ಮೇಲೆ ಮುನಿಯಪ್ಪನ ಪಕ್ಕ ಕೂತ. ಜೇಮ್ಸ್ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ಅವನ ತಂದೆ ರೈಲಿನಲ್ಲಿ ಹಾಸಿಗೆ ಹಾಸಿ, ಪೆಟ್ಟಿಗೆ ಹೊರುವವರು. ಯುದ್ಧಸಾಮಗ್ರಿಯ ಕಾರ್ಖಾನೆಗಳು ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದವು. ಆಗ ಆ ರೈಲು ಕೂಲಿಗಳ ಸಂಘದ ನಾಯಕ ದೇಶದ ಅಧ್ಯಕ್ಷನಿಗೇ ಹೇಳಿದನಂತೆ: ಕೆಲಸ ಕೊಡಿ, ಇಲ್ಲವಾದರೆ ಸಾವಿರ ಸಾವಿರ ಜನ ನಿಮ್ಮ ರಾಜಧಾನಿಗೆ ನಡೆದು ಬರುತ್ತೇವೆ.

"ಮಂಕರಿ ಹೊರೋರಂಥವ್ರೇನಾ?" ಎಂದ ಮುನಿಯಪ್ಪ.

"ಹೂಂ, ಹೊರೆ ಹೊರೋರೇ," ಎಂದೆ.

"ನಡುದ್ರಾ ಆಮೇಲೆ?"

"ಇಲ್ಲ. ನಡೆಯೋ ಮುಂಚೆನೇ ಅಧ್ಯಕ್ಷ, ಅವರಿಗೂ ಕೆಲಸ ಕೊಡಬೇಕು ಅಂತ ಆಜ್ಞೆ ಹೊರಡಿಸಿದ."

"ಬರ್ತೀವಿ ಅಂದಿದ್ದಕ್ಕೇನಾ!"

ಬಸ್ಸಿನ ಸೀಟು ಇನ್ನೂ ಬಾಕಿ ಇದೆ ಎಂದು ಜೇಮ್ಸ್ ನಕ್ಕ. ಮುನಿಯಪ್ಪ ನಗಲಿಲ್ಲ. ಲೋಟ ತೊಳೆದ, ಆದರೆ ಗೋಡೆಯ ಗೂಡಿಗೆ ಇಡಲಿಲ್ಲ. ಹೊಸ್ತಿಲ ಬಳಿ ಹೋಗಿ ಶ್ರೀಕಂಠಯ್ಯನವರ ಮುಂದೆ ಚಾಚಿದ.

"ಇದನ್ನ ಒಳಗೇ ಇಟ್ಕೊಳಿ ಸ್ವಾಮಿ. ನಾಳೆ ಮಂಕರಿ ಹೊರೋ ನಾವಷ್ಟೂ ಜನ ಒಳಗೆ ಕೂತು ಕಾಫಿ ಕುಡಿಯಕ್ಕೆ ಬರ್ತೀವಿ. ಆಮೇಲೇ ಮಂಕರಿ ಮುಟ್ಟೋದು."

"ಏನೋ ಮುನಿಯಾ, ಬಿಸಿಲು ತಲೆಗೇರ್ತಾ?"

"ಇಲ್ಲ ಸ್ವಾಮಿ. ಹೇಳ್ಬಿಟ್ಟು ಬರೋಣ ಅಂತ."

ಒಳಗೆ ಧಣಿಗಳು ಲೋಟ ಕೆಳಗಿಟ್ಟು ಹೊಸ್ತಿಲ ಕಡೆ ತಿರುಗಿದರು. ಚಿಟ್ಟೆ ಯಾರಿಗೂ ಕಾಯುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಮುದ್ರದಾಚೆ ಯಾರೋ ಆಡಿದ ಒಂದು ಮಾತು, ನನ್ನ ಹರಕುಮುರುಕು ಇಂಗ್ಲಿಷಿನಲ್ಲೂ ಸಾಯದೆ ಈ ಹೊಸ್ತಿಲವರೆಗೆ ಬಂದಿತ್ತು!

ಅಷ್ಟರಲ್ಲಿ ಬೆಂಗಳೂರಿಗೆ ಮರಳುವ ಬಸ್ಸು ಹಾರ್ನ್ ಹಾಕಿತು. ಮುನಿಯಪ್ಪ ಏನೆಂದ ಎಂದು ಜೇಮ್ಸ್ ಕೇಳಿದ, ಹೇಳಿದೆ. ಅವನು ಮುನಿಯಪ್ಪನ ಕಡೆ ತಿರುಗಿ ಟೋಪಿ ತೆಗೆದ.

ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಶ್ರೀಕಂಠಯ್ಯನವರು ಹೊಸ್ತಿಲಲ್ಲೇ ನಿಂತಿದ್ದರು. ಕೇರಿಯವರ ಲೋಟವನ್ನು ಜನ್ಮದಲ್ಲಿ ಮುಟ್ಟದವರು, ಗಾಬರಿಯಲ್ಲಿ ಕೈಚಾಚಿ ಇಸಕೊಂಡುಬಿಟ್ಟಿದ್ದರು. ಬಸ್ಸು ತಿರುವು ದಾಟುವವರೆಗೂ ಅದು ಅವರ ಕೈಯಲ್ಲೇ ಇತ್ತು.