ಹಿರಿಯರಿಗೂ ಬೈಯುತ್ತಿದ್ದ ಕಾಕು

ನಮ್ಮ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಸತ್ತವರನ್ನೂ ಬಿಡುತ್ತಿರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಬಸವನ ಬಾಗೇವಾಡಿಯ ಮನೆಯಲ್ಲಿ ಹಿರಿಯರಿಗೆ ಎಡೆ ಬಡಿಸುತ್ತ ಒಬ್ಬೊಬ್ಬರನ್ನೇ ಕರೆದು ಬೈಯುವರು. "ಮಾವಾರ, ಹೋಳಿಗಿಗೆ ತುಪ್ಪ ಹಾಕೇನಿ. ಕಡಿಮಿ ಆತಂತ ಮಾರಿ ಗಂಟ ಹಾಕಬ್ಯಾಡ್ರಿ. ಇದ್ದಾಗೂ ಹಂಗ ಮಾಡತಿದ್ರಿ."

ಹಿರಿಯರ ಊಟವಾಯಿತೆಂದು ಕಾಕು ಹೇಳುವವರೆಗೆ ನಮಗೆ ತುತ್ತು ಅನ್ನವಿಲ್ಲ. ಇಷ್ಟು ಹೊತ್ತು ಯಾಕೆ ಎಂದು ಒಮ್ಮೆ ಕೇಳಿದೆ. "ನಿಮ್ಮ ಮುತ್ಯಾ ಸಾವಕಾಶ ಉಣ್ಣತಿದ್ರು" ಎಂದರು, ಅಜ್ಜನ ಎಡೆ ತೋರಿಸಿ. ನನಗೋ ಎಸಿಡಿಟಿಯ ಚಿಂತೆ.

ಕಾಕುವಿಗೆ ಮಕ್ಕಳಿರಲಿಲ್ಲ. ತಮ್ಮ ನಂತರ ಇದನ್ನು ಯಾರು ಮಾಡುತ್ತಾರೆ ಎಂಬುದೊಂದೇ ಅವರ ಗೋಳು. ನಾನಿರುವ ಇಂಡಿ ಊರಿನಿಂದ ಬಂದು ಬಸ್ಸಿಳಿದರೆ ಸಾಕು, "ಈ ಸಲ ನೀ ಬಡಸು" ಎನ್ನುವರು. ತಪ್ಪಾದೀತೆಂಬ ಹೆದರಿಕೆ ನನಗೆ. ಪಾರಾಗಲು ಒಂದು ಜಾಣತನ ಮಾಡಿದೆ. ಜಾನಪದ ಸಂಗ್ರಹಿಸುವ ಪ್ರಾಧ್ಯಾಪಕರೊಬ್ಬರನ್ನು ಕ್ಯಾಮೆರಾ ಸಮೇತ ಕರೆತಂದೆ. ಪರಂಪರೆ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಅವರಿಗೆ ಬಿಡುವಿದ್ದದ್ದು ಅಮಾವಾಸ್ಯೆಯ ಹಿಂದಿನ ರವಿವಾರ.

"ರವಿವಾರ ಹಿರೇರು ಬರೂದಿಲ್ಲ" ಎಂದು ಕಾಕು ಬಾಗಿಲಲ್ಲೇ ಹೇಳಿದರು. "ನೀವು ಬಂದೀರಿ, ಉಂಡ ಹೋಗ್ರಿ ಸರ."

ಪಾಪ, ಪ್ರಾಧ್ಯಾಪಕರು ಅಮಾವಾಸ್ಯೆಗೆ ಮತ್ತೆ ಬಂದರು. ಆಗ ಕಾಕು ಕರಾರು ಹಾಕಿದರು: ತಮ್ಮನ್ನು ಕ್ಯಾಮೆರಾದಲ್ಲಿ ಹಿಡಿಯಕೂಡದು, ಬಡಿಸುವವನು ನಾನೇ. ಕ್ಯಾಮೆರಾ ಮುಂದೆ ಗಡಿಬಿಡಿಯಲ್ಲಿ, ಮುತ್ಯಾನ ಇಬ್ಬರು ಹೆಂಡಂದಿರಾದ ದೊಡ್ಡ ಆಯಿ ಮತ್ತು ಸಣ್ಣ ಆಯಿಯ ಎಡೆಗಳನ್ನು ಮಗ್ಗುಲಿಗೆ ಮಗ್ಗುಲು ಇಟ್ಟುಬಿಟ್ಟೆ. ಬದುಕಿದ್ದಾಗ ಒಂದು ಒಲೆ ಹಂಚಿಕೊಳ್ಳದವರು ಅವರು.

"ಲೇ ತಮ್ಮಾ, ಸಣ್ಣ ಆಯಿದು ಪಡಸಾಲ್ಯಾಗ ಇಡು. ಉಣ್ಣಾಕ ಕರದು ಜಗಳಾ ಹಚ್ಚತಿಯೇನು?"

ಎತ್ತಿಟ್ಟೆ. ಕಾಕು ಮೂಲೆಯಲ್ಲಿ ಕೂತು ಕೊನೆಯವರೆಗೂ ಬೈದರು.

ವಿಡಿಯೋ ತಯಾರಾಗಿ ಬಂತು. ಗದ್ದಲವೆಂದು ಕಾಕುವಿನ ದನಿ ತೆಗೆದು ಕೊಳಲು ಹಾಕಿದ್ದರು. ಎಡೆ ಎತ್ತಿಟ್ಟ ಭಾಗವೂ ಇಲ್ಲ. ಉಳಿದದ್ದು ಹೆಗಲ ಮೇಲೆ ಶಲ್ಯ ಹಾಕಿಕೊಂಡ ನಾನು, ನನ್ನ ತಪ್ಪು. ಕಾಕುವಿಗೆ ತೋರಿಸಿದೆ.

"ಚಂದ ಕಾಣಸ್ತಿ" ಎಂದರು. "ಇದನ್ನ ನೋಡಿ ಯಾರರ ಮಾಡಿದ್ರ ಏನ್ ಗತಿ?"

ಅದೇ ಕೊನೆಯ ಭೇಟಿ. ಕಾಕು ಹೋದ ಮೇಲೆ ಎಡೆ ಇಡುವ ಕೆಲಸ ಮುದ್ದೇಬಿಹಾಳದಲ್ಲಿರುವ ನನ್ನ ತಮ್ಮನ ಮನೆಗೆ ಬಂತು. ಈ ಅಮಾವಾಸ್ಯೆಗೆ ನಾನು ಜ್ವರದಿಂದ ಇಂಡಿಯಲ್ಲೇ ಮಲಗಿದ್ದೆ. ತಮ್ಮ ಫೋನ್ ಮಾಡಿದ.

"ಚಿಂತಿ ಮಾಡಬ್ಯಾಡ ಅಣ್ಣಾ, ವಿಡಿಯೋದಾಗ ನೀ ಇಟ್ಟಂಗ ಇಟ್ಟೇನಿ."

"ಇಬ್ಬರೂ ಆಯಿಗಳನ್ನ?"

"ಬಾಜೂಕ ಬಾಜೂಕ."

"ಎತ್ತು ಮೊದಲ. ಸಣ್ಣ ಆಯಿದು ಪಡಸಾಲಿಗೆ ಒಯ್ಯಿ."

"ಸತ್ತು ಎಷ್ಟ ವರ್ಷ ಆತು. ಇನ್ನೂ ಜಗಳಾ ಆಡತಾರೇನು?"

"ಆಡತಾರ. ಕಾಕುಂದು ಬಾಗಲ ಬಾಜೂಕ ಇಡು. ಇಬ್ಬರೂ ಕಾಣಬೇಕು ಅವರಿಗೆ, ಬೈಯಾಕ."

ತಮ್ಮ ನಿಟ್ಟುಸಿರು ಬಿಟ್ಟು, ಫೋನ್ ನೆಲಕ್ಕಿಟ್ಟು ಎಡೆ ಎತ್ತಿದ. ಅವನು ಪಡಸಾಲೆಗೆ ಹೋಗಿ ಬರುವವರೆಗೆ ನಾನು ಫೋನ್ ಇಡಲಿಲ್ಲ.